ಕೆಂಪಾಜಮ್ಮನ ಸೈಟು

ಪಿರಿಯಾಪಟ್ಟಣದ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಕೆಂಪಾಜಮ್ಮ ನಮ್ಮ ಮನೆಯ ಎದುರಿಗೆ, ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ಎತ್ತರದ ಹೆಂಗಸು. ಮಾತು ಕಡಿಮೆ, ಆದರೆ ಆಡಿದರೆ ಬೀದಿಯ ಕೊನೆಗೂ ಕೇಳುತ್ತಿತ್ತು. ದೊಡ್ಡ ಪಾತ್ರೆಗಳ ನಡುವೆ ನಿಂತು ಹುಡುಗರನ್ನು ಊಟಕ್ಕೆ ಕರೆದು ಕರೆದು ಅಭ್ಯಾಸವಾದ ಗಂಟಲು ಅದು. ಅವರ ಗಂಡ ಕುಳ್ಳಯ್ಯ ಹೆಸರಿಗೆ ತಕ್ಕಂತೆ ಗಿಡ್ಡ. ತಂಬಾಕು ಮಾರುಕಟ್ಟೆಯಲ್ಲಿ ಸೊಪ್ಪು ಕಟ್ಟಿದ ಬೇಲು ಹೊರುವ ಕೆಲಸ. ಇಬ್ಬರೂ ಜೊತೆಯಲ್ಲಿ ನಡೆದರೆ ಅಂಗಡಿಯವರು ನಗುತ್ತಿದ್ದರು. ಅವರು ನಗುವುದಕ್ಕೆ ಮೊದಲೇ ಕುಳ್ಳಯ್ಯ, "ಮಳೆ ಬಂದ್ರೆ ನಂಗೆ ಛತ್ರಿ ಬ್ಯಾಡ ಕಣ್ರಪ್ಪ, ಇವ್ಳೇ ಸಾಕು" ಎಂದುಬಿಡುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ.

ಕುಳ್ಳಯ್ಯನ ಊರು ಹೆಗ್ಗಡದೇವನಕೋಟೆಯ ಕಡೆ. ಕಬಿನಿಗೆ ಅಣೆಕಟ್ಟು ಕಟ್ಟಿದಾಗ ಅವರ ಅಪ್ಪನ ತುಂಡು ಹೊಲ ಹಿನ್ನೀರಿನ ಅಡಿಗೆ ಹೋಯಿತು. ಅಜ್ಜನನ್ನೂ ಅಪ್ಪನನ್ನೂ ಹೂತಿದ್ದು ಅದೇ ಹೊಲದ ಬದುವಿನಲ್ಲಿ. ಅವರ ಜನ ಸತ್ತವರನ್ನು ಸುಡುವುದಿಲ್ಲ, ಹೂಳುತ್ತಾರೆ. ಹೊಲ ಇದ್ದವರು ಸ್ವಂತ ಹೊಲದಲ್ಲಿ, ಇಲ್ಲದವರು ಊರ ಸ್ಮಶಾನದಲ್ಲಿ. ಹೊಲ ಹೋದ ಮೇಲೆ ಕುಳ್ಳಯ್ಯ ಊರೂರು ಕೂಲಿ ಮಾಡಿಕೊಂಡು ಬಂದವರು. ಅವರಿಗೆ ಇದ್ದದ್ದು ಒಂದೇ ಆಸೆ. ಅದನ್ನು ಹೆಂಡತಿಯ ಹತ್ತಿರ ಬಿಟ್ಟರೆ ಬೇರೆ ಯಾರ ಹತ್ತಿರವೂ ಆಡುತ್ತಿರಲಿಲ್ಲ. "ನನ್ನ ನಮ್ ಮಣ್ಣಲ್ಲೇ ಮಡಗು ಕಣೆ. ಇನ್ನೊಬ್ರ ಮಣ್ಣು ಬ್ಯಾಡ" ಎನ್ನುತ್ತಿದ್ದರಂತೆ.

ತೊಂಬತ್ತೇಳರಲ್ಲಿ ಮೈಸೂರಿನ ಒಂದು ಕಂಪನಿ ಕಂಪಲಾಪುರದ ರಸ್ತೆ ಪಕ್ಕದ ಒಂದು ಹೊಲಕ್ಕೆ ಹಳದಿ ಬೋರ್ಡು ಹಾಕಿತು. ತಿಂಗಳು ತಿಂಗಳು ಕಂತು ಕಟ್ಟಿದರೆ ಮೂರು ವರ್ಷದಲ್ಲಿ ಮನೆ ಕಟ್ಟಲು ಸೈಟು. ಕೆಂಪಾಜಮ್ಮನ ಸಂಬಳ ಕಂತಿಗೆ, ಕುಳ್ಳಯ್ಯನ ಕೂಲಿ ಹೊಟ್ಟೆಗೆ ಎಂದು ಇಬ್ಬರೂ ಹಂಚಿಕೊಂಡರು. ಕಂತು ಮುಗಿದಾಗ ಕಂಪನಿಯ ಮ್ಯಾನೇಜರು ನಾಲ್ಕು ಮೂಲೆಗೂ ಸುಣ್ಣ ಬಳಿದ ಕಲ್ಲು ನೆಡಿಸಿ, "ಇವತ್ತಿಂದ ಇದು ನಿಮ್ದು. ರಿಜಿಸ್ಟರು ಆಮೇಲೆ ಮಾಡಿಸೋಣ" ಎಂದರು. ಮೊದಲನೇ ಮಾತನ್ನು ಇಬ್ಬರೂ ಪೂರ್ತಿ ನಂಬಿದರು. ಎರಡನೇ ಮಾತಿಗೂ ತೂಕ ಇದೆ ಎಂದು ಆಗ ಯಾರಿಗೂ ಅನ್ನಿಸಲಿಲ್ಲ.

ಕುಳ್ಳಯ್ಯ ಆ ಜಾಗಕ್ಕೆ ಅವರೆಕಾಳು ಬಿತ್ತಿದರು. ಭಾನುವಾರ ಬಂದರೆ ಅಲ್ಲಿಯೇ ಕೂತಿರುತ್ತಿದ್ದರು. ಪಕ್ಕದ ಸೈಟು ಸೈಕಲ್ ಶಾಪಿನ ಕಂಠಪ್ಪನದು.

"ಏನ್ ಕುಳ್ಳಯ್ಯಣ್ಣ, ಯಾವಾಗ್ಲೂ ಕಾಯ್ಕೊಂಡೇ ಕುಂತಿರ್ತೀಯಲ್ಲ, ಯಾರಾದ್ರೂ ಸುತ್ಕೊಂಡು ಹೊಂಟೋಯ್ತಾರೆ ಅಂತ್ಲಾ?" ಎಂದು ಕಂಠಪ್ಪ ಕೆಣಕುತ್ತಿದ್ದ.

"ಚಾಪೆ ಅಲ್ವಲ್ಲಪ್ಪ ಸುತ್ತಕ್ಕೆ. ಕುಂತ್ರೆ ಏಳು ಅನ್ನೋರಿಲ್ಲ, ಅದ್ಕೆ ಕುಂತಿವ್ನಿ."

ಎರಡು ಸಾವಿರದ ಇಸವಿಯ ಚಳಿಗಾಲದಲ್ಲಿ ಕುಳ್ಳಯ್ಯನಿಗೆ ದಮ್ಮು ಹೆಚ್ಚಾಯಿತು. ವರ್ಷಗಟ್ಟಲೆ ಕುಡಿದ ತಂಬಾಕಿನ ಧೂಳು. ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಬಂದ ಮೇಲೆ ಬಹಳ ದಿನ ಉಳಿಯಲಿಲ್ಲ. ಗುಂಡಿ ತೋಡುವ ಮಂಟಯ್ಯ ಬಂದು ಬಾಗಿಲಲ್ಲಿ ನಿಂತು, "ಕೆರೆ ಹಿಂದುಕ್ಕೆ ತಾನೆ ಅವ್ವ?" ಎಂದು ಕೇಳಿದ. ಕೆರೆಯ ಹಿಂದೆ ಊರ ಸ್ಮಶಾನ. ಜಾಗ ಸಾಲದೆ ಅಲ್ಲಿ ಕೆಲವು ವರ್ಷಕ್ಕೆ ಅದೇ ಗುಂಡಿಯಲ್ಲಿ ಇನ್ನೊಬ್ಬರನ್ನು ಇಡುತ್ತಾರೆ.

ಅಷ್ಟು ಹೊತ್ತು ಅಳುತ್ತಿದ್ದ ಕೆಂಪಾಜಮ್ಮ ತಲೆ ಎತ್ತಿದರು. "ಅಲ್ಲಿಗ್ಯಾಕೆ? ನಮ್ಗೆ ಜಾಗ ಇಲ್ವಾ?"

ಅದನ್ನು ಕೇಳಿದವರೆಲ್ಲ ಸರಿ ಎಂದರು. ಅಲ್ಲೇ ಒಂದು ಸೈಟು ಕೊಂಡಿದ್ದ ಧರ್ಮೇಂದ್ರ ಮೇಷ್ಟ್ರೂ ಜೊತೆಯಲ್ಲಿ ನಡೆದು ಹೋಗಿ ಒಂದು ಹಿಡಿ ಮಣ್ಣು ಹಾಕಿದರು. ಕಂಠಪ್ಪನೂ ಹಾಕಿದ. ಅದು ಮನೆಗಳು ಏಳಬೇಕಾದ ಜಾಗ ಎಂಬುದು ಆವತ್ತು ಒಬ್ಬರಿಗೂ ಹೊಳೆಯಲಿಲ್ಲ. ಕಣ್ಣಿಗೆ ಕಾಣುತ್ತಿದ್ದದ್ದು ಹೊಲ. ಹೊಲದಲ್ಲಿ ಹೊಲದ ಯಜಮಾನನನ್ನು ಹೂಳುವುದು ಎಲ್ಲರೂ ಹುಟ್ಟಿದಾಗಿನಿಂದ ನೋಡಿದ್ದೇ. ಮೂರನೇ ದಿನ ಹಾಲು ತುಪ್ಪ ಬಿಟ್ಟು ಬಂದ ಕೆಂಪಾಜಮ್ಮ ನಮ್ಮ ಅವ್ವನ ಹತ್ತಿರ, "ಮುಂದ್ಗಡೆ ಒಂದು ಚಿಕ್ಕ ಮನೆ ಕಟ್ಕೊತೀನಿ. ಹಿಂದ್ಗಡೆ ಅವ್ರಿರ್ತಾರೆ" ಎಂದರು. ಅವರ ಮುಖದಲ್ಲಿ ದುಃಖ ಇತ್ತು, ಜೊತೆಗೆ ಒಪ್ಪಿಕೊಂಡ ಕೆಲಸ ಮುಗಿಸಿದ ಸಮಾಧಾನವೂ ಇತ್ತು.

ಮಾರನೇ ವರ್ಷ ಹಳದಿ ಬೋರ್ಡು ಕಾಣೆಯಾಯಿತು. ವಿಚಾರಿಸಲು ಹೋದವರಿಗೆ ಕಂಪನಿಯವರು, ಬಡಾವಣೆಯ ಕೆಲಸ ರದ್ದಾಗಿದೆ ಎಂದರು. ಹಣ ವಾಪಸ್ ಕೇಳಿದರೆ ಇವತ್ತು ನಾಳೆ ಎಂದರು. ಆ ಹೊಲವನ್ನು ಒಟ್ಟಾಗಿ ಬೇರೆಯವರಿಗೆ ಮಾರಲು ಮಾತಾಗಿದೆ ಎಂಬ ಸುದ್ದಿ ಹಬ್ಬಿತು. ಸೈಟಿನವರೆಲ್ಲ ಮೇಷ್ಟ್ರನ್ನು ಮುಂದೆ ಮಾಡಿಕೊಂಡು ಒಂದು ಸಂಘ ಕಟ್ಟಿದರು. ಮೈಸೂರಿನ ಕಂಪನಿ ಕಚೇರಿಯ ಮುಂದೆ ಧರಣಿ ಕೂತಾಗ ಇಡೀ ಗುಂಪಿಗೆ ಅನ್ನ ಹಾಕಿದ್ದು ಕೆಂಪಾಜಮ್ಮ. ಒಂದು ಹಂಡೆ ಚಿತ್ರಾನ್ನವನ್ನು ಬಸ್ಸಿನಲ್ಲಿ ಹೊತ್ತು ತಂದಿದ್ದರು. ಗೇಟಿನ ಕಾವಲುಗಾರ ಎದ್ದು ಹೋಗಿ ಎಂದು ಗದರಿಸಿದಾಗ ಅವನ ಕೈಗೂ ಒಂದು ಎಲೆ ಕೊಟ್ಟು, "ತಿನ್ನಪ್ಪ ಮೊದ್ಲು. ನಿನ್ ಸಂಬ್ಳನೂ ಕೊಟ್ಟಿರಕ್ಕಿಲ್ಲ ಈ ಮಾರಾಯ್ರು" ಎಂದರು. ಅವನು ಆ ಕಡೆ ಈ ಕಡೆ ನೋಡಿ ತಿಂದ.

ಕಂಪನಿ ಜಗ್ಗದಿದ್ದಾಗ ಎಲ್ಲರೂ ಸೇರಿ ಗ್ರಾಹಕರ ನ್ಯಾಯಾಲಯಕ್ಕೆ ಹೋದರು. ಅಲ್ಲಿ ಕಂಪನಿಯ ಕಡೆಯವರು ಕೊಟ್ಟ ಉತ್ತರ ಯಾರೂ ನೆನೆಸಿರದಂಥದ್ದು. ಹೊಲವನ್ನು ಮನೆ ಕಟ್ಟುವ ಜಾಗವೆಂದು ಸರ್ಕಾರದ ಒಪ್ಪಿಗೆ ಪಡೆಯಬೇಕಿತ್ತು, ಅಷ್ಟರಲ್ಲಿ ಸೈಟು ಪಡೆದವರಲ್ಲಿ ಒಬ್ಬರು ಅಲ್ಲಿ ಹೆಣ ಹೂತರು, ಸ್ಮಶಾನವಾದ ಜಾಗಕ್ಕೆ ಒಪ್ಪಿಗೆ ಸಿಗುವುದಿಲ್ಲ, ಆದ್ದರಿಂದ ತಪ್ಪು ಸೈಟಿನವರದೇ ಎಂದರು.

ಆ ಭಾನುವಾರ ಶಾಲೆಯ ಅಂಗಳದಲ್ಲಿ ಸಂಘದ ಸಭೆ. ಕೆಂಪಾಜಮ್ಮ ಹೋಗಿ ಕೂತಾಗ ಪಕ್ಕದಲ್ಲಿದ್ದವರು ಸ್ವಲ್ಪ ಸರಿದುಕೊಂಡರು. ಅದು ಅವರಿಗೆ ಜಾಗ ಬಿಟ್ಟದ್ದಾಗಿರಲಿಲ್ಲ.

ಕಂಠಪ್ಪ ಎದ್ದು ನಿಂತ. "ಮನೆ ಕಟ್ಟೋ ಜಾಗದಲ್ಲಿ ಗುಂಡಿ ತೋಡ್ದೋರು ಯಾರು? ನಾವಾ?"

"ನಮ್ ಸೈಟು ಅಂತ ತಾನೆ ಕೊಟ್ಟಿದ್ದು" ಎಂದರು ಕೆಂಪಾಜಮ್ಮ. "ನಮ್ ಸೈಟ್ನಲ್ಲಿ ನಮ್ಮೋರು ಮಲಗವ್ರೆ. ನೀನೂ ಮಣ್ಣು ಹಾಕ್ದೆ."

"ಹಾಕ್ದೆ ಕಣಕ್ಕ, ಬುದ್ಧಿ ಇಲ್ದೆ ಹಾಕ್ದೆ. ಪಕ್ಕದ್ ಸೈಟು ನಂದು. ನಾಳೆ ನನ್ ಹೆಂಡ್ರು ಅಡುಗೆ ಮನೆ ಕಿಟ್ಕಿ ತೆಗುದ್ರೆ ಕುಳ್ಳಯ್ಯಣ್ಣನ ಕಾಲು ಕಾಣ್ಬೇಕಾ?"

ಹಿಂದೆ ಯಾರೋ ನಕ್ಕರು.

"ಕಾಲು ನಿನ್ ಕಡೀಕಿಲ್ಲ. ತಲೆ ನಿನ್ ಕಡೀಕಿರೋದು."

ಈಗ ಯಾರೂ ನಗಲಿಲ್ಲ. ಧರ್ಮೇಂದ್ರ ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತ, "ಗೋರಿ ಅಲ್ಲಿಲ್ಲ ಅಂತಾದ್ರೆ ಅವರ ವಾದ ಬಿದ್ದೋಗುತ್ತೆ ಅಂತ ನಮ್ ವಕೀಲರು ಹೇಳ್ತಾರೆ ಕೆಂಪಾಜಮ್ಮ. ನಾನಾಗಿ ಏನೂ ಹೇಳಲ್ಲ. ನಿಮಗೆ ಬಿಟ್ಟಿದ್ದು" ಎಂದರು. ಕೆಂಪಾಜಮ್ಮ ಎದ್ದು ಬಂದರು.

ಮಾರನೆಯ ದಿನ ಹೂವು ಮಾರುವ ಚಿಕ್ಕಸಿದ್ದಮ್ಮ ಬಂದು ಕೆಂಪಾಜಮ್ಮನ ಮೆಟ್ಟಿಲ ಮೇಲೆ ಕೂತರು. ಗಂಡ ಇಲ್ಲದ ಹೆಂಗಸು. ಮಗಳ ಮದುವೆಗೆ ಕೂಡಿಟ್ಟಿದ್ದನ್ನೆಲ್ಲ ಆ ಸೈಟಿಗೆ ಹಾಕಿದ್ದರು. ಆ ವಿಷಯ ಅವರು ಎತ್ತಲಿಲ್ಲ. ಮಲ್ಲಿಗೆಯ ಬೆಲೆ, ಕಾಲುನೋವು ಎಂದು ಏನೇನೋ ಮಾತಾಡಿದರು. ಕೊನೆಗೆ ಏಳುವಾಗ, "ಹುಡ್ಗಿ ನೋಡ್ಕೊಂಡು ಹೋದೋರು ಇನ್ನೊಂದು ತಿಂಗಳು ಕಾಯ್ತೀವಿ ಅಂದವ್ರೆ ಕಣಕ್ಕ" ಎಂದಷ್ಟೇ ಹೇಳಿ, ಒಂದು ಮೊಳ ಹೂವು ಅಲ್ಲಿಟ್ಟು ಹೋದರು. ಗಂಡ ಹೋದ ಹೆಂಗಸಿಗೆ ಹೂವು ಮುಡಿಯುವ ಹಾಗಿಲ್ಲ. ಅದನ್ನು ಗೋರಿಗೆಂದೇ ಕೊಟ್ಟದ್ದು. ಕೆಂಪಾಜಮ್ಮ ಬಹಳ ಹೊತ್ತು ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಆಮೇಲೆ ಮಂಟಯ್ಯನಿಗೆ ಹೇಳಿ ಕಳಿಸಿದರು.

ಗೋರಿ ತೆಗೆದ ದಿನ ನಾನು ಅಲ್ಲಿರಲಿಲ್ಲ. ಮಂಟಯ್ಯ ಹೇಳಿದ್ದನ್ನೇ ಬರೆಯುತ್ತಿದ್ದೇನೆ. ಅವನು ಗುದ್ದಲಿ ಹಿಡಿದು ನಿಂತವನು ಕೈ ಎತ್ತಲಾರದೆ, "ಹೂತಿದ್ದು ನಾನು ಕಣವ್ವ. ತೆಗೆಯಾದು ನನ್ನಿಂದ ಆಗಕ್ಕಿಲ್ಲ. ಎಲ್ಡನೇ ಸಲ ಹೂಳಕ್ಕೆ ಏನು ಶಾಸ್ತ್ರ ಅಂತ್ಲೂ ನಂಗೆ ಗೊತ್ತಿಲ್ಲ" ಎಂದ. ಕೆಲಸ ಆಯಿತೋ ಇಲ್ಲವೋ ಎಂದು ನೋಡಲು ಬಂದು ಬೇಲಿಯ ಹತ್ತಿರ ನಿಂತಿದ್ದ ಕಂಠಪ್ಪ ಬೇಲಿ ದಾಟಿ ಒಳಗೆ ಬಂದ. ಮಂಟಯ್ಯನ ಕೈಯಿಂದ ಗುದ್ದಲಿ ಇಸಿದುಕೊಂಡ. ಮೇಲಿನ ಮಣ್ಣನ್ನು ಗುದ್ದಲಿಯಲ್ಲಿ ಎಳೆದ. ಅಡಿಯ ಮಣ್ಣು ಬಂದಾಗ ಗುದ್ದಲಿ ಬದಿಗಿಟ್ಟು ಕೈಯಲ್ಲೇ ಬಗೆದ. ಉಳಿದಿದ್ದನ್ನು ಒಂದು ಹೊಸ ಬಿಳಿ ಬಟ್ಟೆಯಲ್ಲಿ ಕಟ್ಟಿದರು. ಹೊರುವುದಕ್ಕೆ ನಾಲ್ಕು ಜನ ಬೇಕಾಗಲಿಲ್ಲ. ಕೆಂಪಾಜಮ್ಮನೇ ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೆರೆಯ ಹಿಂದಕ್ಕೆ ಹೋದರು.

ಅಲ್ಲಿ ತೋಡಿದ ಗುಂಡಿ ಒಂದೆರಡು ಮೊಳ ಉದ್ದದ್ದು. ಮಣ್ಣು ಮುಚ್ಚುವಾಗ ಅಲ್ಲಿ ಸೌದೆ ಆಯುತ್ತಿದ್ದ ಒಬ್ಬ ಹೆಂಗಸು ಹತ್ತಿರ ಬಂದು, "ಎಷ್ಟು ವರ್ಷದ ಮಗನವ್ವ?" ಎಂದು ಕೇಳಿದಳು.

"ಅರವತ್ತು" ಎಂದರು ಕೆಂಪಾಜಮ್ಮ.

ತೀರ್ಪು ಬಂದದ್ದು ಎರಡು ಸಾವಿರದ ಮೂರರಲ್ಲಿ. ಚಿಕ್ಕಸಿದ್ದಮ್ಮನ ಮಗಳಿಗೆ ನೋಡಿದ್ದ ಗಂಡಿಗೆ ಅಷ್ಟರಲ್ಲಿ ಬೇರೆ ಕಡೆ ಮದುವೆಯಾಗಿತ್ತು. ಆವತ್ತು ಸೈಟಿನವರೆಲ್ಲ ಮೈಸೂರಿಗೆ ಹೋಗಿ ನ್ಯಾಯಾಲಯದ ಜಗಲಿಯಲ್ಲಿ ಕಾದರು. ವಕೀಲರು ನಗುತ್ತಲೇ ಹೊರಗೆ ಬಂದರು.

"ಗೆದ್ವಿ ಕಣ್ರೀ. ಬಡ್ಡಿ ಸಮೇತ ವಾಪಸ್ ಕೊಡಬೇಕು. ಒಂದು ತಮಾಷೆ ಕೇಳಿ. ಅವರು ಸರ್ಕಾರದ ಒಪ್ಪಿಗೆಗೆ ಅರ್ಜಿನೇ ಹಾಕಿರಲಿಲ್ಲ. ಸೈಟು ಮಾರೋ ಮೊದಲೂ ಹಾಕಿಲ್ಲ, ಆಮೇಲೂ ಹಾಕಿಲ್ಲ. ಅರ್ಜಿನೇ ಇಲ್ಲದ ಮೇಲೆ ಗೋರಿಯಿಂದ ಒಪ್ಪಿಗೆ ತಪ್ಪೋಯ್ತು ಅನ್ನೋದೆಲ್ಲಿ ಬಂತು? ಗೋರಿ ಮಾತನ್ನ ಕೋರ್ಟು ಲೆಕ್ಕಕ್ಕೇ ತಗೊಂಡಿಲ್ಲ."

ಜನ ನಕ್ಕರು. ಕಳ್ಳರು ಎಂದು ಒಬ್ಬರಾದ ಮೇಲೆ ಒಬ್ಬರು ಬೈದರು. ಆಮೇಲೆ ಕಂಬದ ಹತ್ತಿರ ನಿಂತಿದ್ದ ಕೆಂಪಾಜಮ್ಮ ಕಣ್ಣಿಗೆ ಬಿದ್ದು ಒಬ್ಬೊಬ್ಬರೇ ಸುಮ್ಮನಾದರು.

"ಅಂಗಾದ್ರೆ ತೆಗೀದಿದ್ರೂ ಆಗ್ತಿತ್ತಾ ಸಾಮಿ?" ಎಂದು ಅವರು ವಕೀಲರನ್ನು ಕೇಳಿದರು. ಆ ಗಂಟಲಿಗೆ ಅದು ತೀರಾ ಸಣ್ಣ ದನಿ.

ವಕೀಲರಿಗೆ ಆಗ ನೆನಪಾಗಿರಬೇಕು. "ಆಗ್ತಿತ್ತಮ್ಮ. ಆಗ ನಮಗೂ ಇದು ಗೊತ್ತಿರಲಿಲ್ಲ" ಎಂದರು.

"ತಿರ್ಗಾ ತಂದು ಅಲ್ಲೇ ಮಡಗಬೌದಾ?"

"ದುಡ್ಡು ವಾಪಸ್ ಬಂದ ಮೇಲೆ ಜಾಗ ನಿಮ್ಮದಾಗಲ್ಲಮ್ಮ."

"ನಂಗೆ ದುಡ್ಡು ಬ್ಯಾಡ. ಅವರ್ಗೆಲ್ಲ ಕೊಡ್ಲಿ. ನಂಗೆ ಆ ಜಾಗ ಬುಟ್ರೆ ಸಾಕು. ಮನೆ ಕಟ್ಟಲ್ಲ ನಾನು."

ವಕೀಲರು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ನೆಲ ನೋಡುತ್ತ, ಎಲ್ಲರ ಅರ್ಜಿಯೂ ಒಂದೇ, ತೀರ್ಪೂ ಒಂದೇ, ಒಬ್ಬರಿಗೆ ಬೇರೆ ಮಾಡಲು ಬರುವುದಿಲ್ಲ ಎಂದು ಬಿಡಿಸಿ ಹೇಳಿದರು. ಕೆಂಪಾಜಮ್ಮ ಕೊನೆಯವರೆಗೂ ಕೇಳಿಸಿಕೊಂಡು, "ಸರಿ ಮೇಷ್ಟ್ರೆ, ಕೇಳ್ದೆ ಅಷ್ಟೆ" ಎಂದರು.

ಊರಿಗೆ ಹೊರಟ ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಒಬ್ಬರೇ ಕೂತಿದ್ದರು. ಉಳಿದವರು ಹಿಂದಿನ ಸೀಟುಗಳಿಗೆ ಹೋದರು. ಕಂಠಪ್ಪ ಮಾತ್ರ ಸೀಟು ಖಾಲಿ ಇದ್ದರೂ ಅವರ ಹತ್ತಿರ ಕಂಬಿ ಹಿಡಿದು ನಿಂತಿದ್ದ. ಬಸ್ಸು ಹುಣಸೂರು ದಾಟಿದ ಮೇಲೆ ಬಾಯಿ ಬಿಟ್ಟ.

"ಅಕ್ಕ, ಗುದ್ದಲಿ ಹಿಡ್ದೋನು ನಾನು."

ಕೆಂಪಾಜಮ್ಮ ಹೊರಗೆ ನೋಡುತ್ತಲೇ ಇದ್ದರು.

"ನಿಧಾನಕ್ಕೇ ಅಗುದ್ದೆ ಕಣಪ್ಪ ನೀನು" ಎಂದು ಹೇಳಿ, ಕಿಟಕಿಯ ಕಡೆಗೆ ಇನ್ನಷ್ಟು ಸರಿದು ಅವನಿಗೆ ಕೂರಲು ಜಾಗ ಬಿಟ್ಟರು.