ಬುದ್ಧಪ್ರಿಯ ಸರ್ ಕಲಿಸಿದ ವಾರೆ ಕೈ

ಸುರಪುರದಲ್ಲಿ ನನ್ನದು ಹಗ್ಗ, ಲಾರಿಗೆ ಹೊದಿಸುವ ತಾಡಪತ್ರಿ, ಗೋಣಿಚೀಲದ ಅಂಗಡಿ. ಎದುರಿಗೆ ಶಾಲೆಯ ಮೈದಾನ. ಬೆಳಿಗ್ಗೆ ಆರಕ್ಕೆ ನಾನು ಶಟರ್ ಎತ್ತುವ ಹೊತ್ತಿಗೆ ಅಲ್ಲಿ ಮೂವತ್ತು ಮಕ್ಕಳು ತಾಡಪತ್ರಿ ಹಾಸಿಕೊಂಡು ಕೈಕಾಲು ಎತ್ತುತ್ತಿರುತ್ತಾರೆ. ತಾಡಪತ್ರಿ ನನ್ನ ಅಂಗಡಿಯದೇ. ಅದರ ಮೇಲೆ ಹಾಕುವ ಶೀರ್ಷಾಸನಕ್ಕೆ ಮಾತ್ರ ನಾನು ಜವಾಬ್ದಾರನಲ್ಲ ಎಂದು ಕೊಡುವಾಗಲೇ ಹೇಳಿದ್ದೆ.

ಕಲಿಸುವವರು ಬುದ್ಧಪ್ರಿಯ. ವಯಸ್ಸು ನಲವತ್ತೆರಡು, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಕಚೇರಿಯಲ್ಲಿ ಅವರನ್ನು ಯಾರೂ ಸರ್ ಎನ್ನುವುದಿಲ್ಲ, ಮೈದಾನದಲ್ಲಿ ಎಲ್ಲರೂ ಎನ್ನುತ್ತಾರೆ. ಅದಕ್ಕೇ ಇರಬೇಕು, ಒಂಬತ್ತು ವರ್ಷಗಳಲ್ಲಿ ಒಮ್ಮೆಯೂ ಅವರು ಮೈದಾನಕ್ಕೆ ತಡವಾಗಿ ಬಂದದ್ದಿಲ್ಲ. ಕಚೇರಿಯ ಬಗ್ಗೆ ನಾನು ಸಾಕ್ಷಿ ಹೇಳಲಾರೆ.

ಮಂಡಿನೋವಿಗೆ ಗುಳಿಗೆ ನುಂಗುತ್ತ ಕೂತ ನನ್ನನ್ನು ಕಂಡರೆ ಅವರಿಗೆ ತಡೆಯಲಾಗುತ್ತಿರಲಿಲ್ಲ.

"ಸಾವ್ಕಾರ್ರ, ಗುಳಿಗಿ ಬಿಡ್ರಿ. ಯೋಗ ಮಾಡಾಂವಗ ಡಾಕ್ಟರ್ ಮಾರಿ ನೋಡೂ ಪಾಳಿ ಬರಂಗಿಲ್ಲ."

"ಎಲ್ಲಾರೂ ಯೋಗ ಮಾಡಿದ್ರ ಡಾಕ್ಟರ್ ಮಕ್ಕಳ ಗತಿ ಏನ್ರಿ ಸರ್?" ಎನ್ನುತ್ತಿದ್ದೆ ನಾನು.

ಹೋದ ವರ್ಷ ಮಳೆಗಾಲದಲ್ಲಿ ಕಕ್ಕೇರಾದಿಂದ ಬರುವಾಗ ಅವರ ಬೈಕಿಗೆ ಆಡೊಂದು ಅಡ್ಡ ಬಂತು. ಆಡು ಎದ್ದು ಓಡಿತು. ಸರ್ ಎಡ ಭುಜದ ಮೇಲೆ ಬಿದ್ದರು. ಅಂಗಿಯ ಕೆಸರು ತೊಳೆದುಕೊಂಡು ಮರುದಿನ ಆರಕ್ಕೆ ಮೈದಾನದಲ್ಲಿದ್ದರು. ಬಿದ್ದ ಸುದ್ದಿ ಯಾರಿಗೂ ಹೇಳಲಿಲ್ಲ. ಒಂಬತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದ ಬಾಯಿಂದ ಭುಜ ನೋಯುತ್ತದೆ ಎಂಬ ಮಾತು ಹೊರಡಿಸುವುದು ಸುಲಭವಲ್ಲ.

ನನಗೆ ಗೊತ್ತಾದದ್ದು ಶಹಾಪುರದಲ್ಲಿ. ಮಾಲು ತರಲು ಹೋದವನು ನೋಡಿದರೆ, ಔಷಧಿ ಅಂಗಡಿಯ ಮುಂದೆ ರಸ್ತೆಗೆ ಬೆನ್ನು ಮಾಡಿ ನಿಂತಿದ್ದಾರೆ. ಕೈಯಲ್ಲಿ ನೋವಿನ ಗುಳಿಗೆಯ ಎರಡು ಪಟ್ಟಿ.

"ಯಾರಿಗ್ರಿ ಸರ್?"

"ನಮ್ಮ ಅತ್ತಿಯವರಿಗ್ರಿ."

ಸುರಪುರದಲ್ಲಿ ಔಷಧಿ ಅಂಗಡಿಗಳಿಗೇನು ಬರವಿಲ್ಲ. ಅತ್ತೆಗಾಗಿ ಇಷ್ಟು ದೂರ ಬಂದ ಅಳಿಯನನ್ನು ಹೊಗಳಿ ನಾನು ನನ್ನ ದಾರಿ ಹಿಡಿದೆ.

ಅಂದಿನಿಂದ ಮೈದಾನದ ಕಡೆ ನನ್ನ ಕಣ್ಣು ಬೇರೆಯಾಯಿತು. ಎರಡೂ ಕೈ ಮೇಲೆತ್ತಿ ಕಿವಿಗೆ ತಾಗಿಸಬೇಕಾದ ಆಸನದಲ್ಲಿ ಅವರ ಎಡಗೈ ಅರ್ಧಕ್ಕೇ ನಿಲ್ಲುತ್ತಿತ್ತು. ಕೈ ಕಿವಿಯ ಹತ್ತಿರ ಬರುವುದಿಲ್ಲವೆಂದು ಅವರು ಕಿವಿಯನ್ನೇ ಕೈಯ ಹತ್ತಿರ ಒಯ್ಯುತ್ತಿದ್ದರು. ಎದುರಿಗಿದ್ದ ಮಕ್ಕಳು ಕನ್ನಡಿಯಂತೆ ಅದನ್ನೇ ಮಾಡುತ್ತಿದ್ದರು: ಮೂವತ್ತು ಬಲಗೈ ಮಡಚಿಕೊಂಡು, ಮೂವತ್ತು ತಲೆ ಬಲಕ್ಕೆ ವಾಲಿ. "ಕೈ ನೆಟ್ಟಗ!" ಎಂದು ಸರ್ ಕೂಗುತ್ತಿದ್ದರು. ಮಕ್ಕಳಿಗೆ ಕಿವಿಗಿಂತ ಕಣ್ಣು ಚುರುಕು.

"ಏನ್ರಿ ಸರ್, ನಿಮ್ಮ ಹುಡುಗ್ರೆಲ್ಲಾ ಒಂದೇ ಕಡಿ ವಾಲ್ಯಾರಲ್ಲ, ಗಾಳಿ ಜೋರ್ ಅದೇನು?" ಎಂದು ಒಮ್ಮೆ ಅಂದೆ. ಅವರು ನಕ್ಕರು. ನಾನೂ ನಕ್ಕು ವ್ಯಾಪಾರಕ್ಕೆ ಕೂತೆ. ಅಂದೇ ಬಿಡಿಸಿ ಹೇಳಿದ್ದರೆ ಒಂದು ಹುಡುಗಿಯ ಕಣ್ಣೀರು ತಪ್ಪುತ್ತಿತ್ತು.

ಆ ಹುಡುಗಿ ಮುಬೀನಾ. ಬ್ಲೌಸ್ ಹೊಲಿಯುವ ಗೌಹರಬೇಗಂ ಅವರ ಮಗಳು, ಏಳನೇ ತರಗತಿ. ಮೊದಲ ಸಾಲಿನಲ್ಲಿ ನಿಂತು ಸರ್ ಮಾಡಿದ್ದನ್ನು ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದಳು. ಹಾಗಾಗಿ ವಾರೆ ಕೈಯನ್ನೂ ಎಲ್ಲರಿಗಿಂತ ಚೆನ್ನಾಗಿ ಕಲಿತಿದ್ದಳು. ಯಾದಗಿರಿಯಲ್ಲಿ ಯೋಗ ಸ್ಪರ್ಧೆಯ ಜಿಲ್ಲಾ ಆಯ್ಕೆ ನಡೆದಾಗ ಸರ್ ಕರೆದೊಯ್ದ ನಾಲ್ವರಲ್ಲಿ ಅವಳೊಬ್ಬಳ ಮೇಲೆಯೇ ಎಲ್ಲರ ಆಸೆ.

ಅಲ್ಲಿ ತೀರ್ಪುಗಾರರಾಗಿದ್ದ ಹೆಣ್ಣುಮಗಳು ಅವಳ ಬಲಗೈ ಹಿಡಿದು ನೋಡಿದರಂತೆ. "ಕೈ ನೋಯ್ತದೇನವಾ?"

"ಇಲ್ರಿ."

"ಮತ್ತ ಪೂರಾ ಎತ್ತಲ್ಲ?"

"ಪೂರಾ ಎತ್ತೀನ್ರಿ ಮೇಡಂ," ಎಂದಳಂತೆ ಮುಬೀನಾ. ಪೂರಾ ಎಂದರೆ ಅಷ್ಟೇ ಎಂದು ಅವಳಿಗೆ ಗೊತ್ತಿದ್ದದ್ದು.

ಆಯ್ಕೆಯಾಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಉಳಿದ ಮೂವರ ಮುಂದೆ ಅವಳು ಕೇಳಿದಳು: "ಸರ್, ನಂದೇನ್ ತಪ್ಪಾತ್ರಿ?" ಬುದ್ಧಪ್ರಿಯ ಕಿಟಕಿಯ ಹೊರಗೆ ನೋಡುತ್ತ, "ಪ್ರಾಕ್ಟೀಸ್ ಕಮ್ಮಿ ಆತು," ಎಂದರು.

ಈ ಮೂರು ಪದದ ಮಾತನ್ನು ಅವರೇ ಆಮೇಲೆ ನನಗೆ ಹೇಳಿದ್ದು. ಹೇಳುವಾಗಲೂ ಕಿಟಕಿ ಹುಡುಕುವವರಂತೆ ಆಚೀಚೆ ನೋಡಿದರು.

ಮುಬೀನಾ ಮೈದಾನಕ್ಕೆ ಬರುವುದು ನಿಂತಿತು. ಹತ್ತು ದಿನದ ಮೇಲೆ ಒಂದು ಸಂಜೆ ಗೌಹರಬೇಗಂ ನನ್ನ ಅಂಗಡಿಗೆ ಬಂದರು. ಕೊರಳಲ್ಲಿ ಅಳತೆಯ ಟೇಪ್ ಹಾಗೇ ಇತ್ತು.

"ಸಾವ್ಕಾರ್ರ, ನೀವ್ ದಿನಾ ಇಲ್ಲಿಂದ ನೋಡ್ತೀರಿ. ನಮ್ ಹುಡುಗಿ ಕೈ ಏನಾಗ್ಯಾದ್ರಿ? ನಾ ಟೇಪ್ ಹಿಡದು ನೋಡೀನಿ, ಎರಡೂ ಭುಜ ಸಮ ಅದಾವ, ತೋಳೂ ಸಮ ಅದಾವ. ಎತ್ತು ಅಂದ್ರ ಮಾತ್ರ ಬಲಗೈ ವಾರಿ ಎತ್ತತಾಳ. ನನ್ನ ಕೈಯಾಗ ಐಬ್ ಅದ ಅಮ್ಮೀ ಅಂತ ಅಳತಾಳ. ನಾಳಿ ಮೊದಲ್ನೇ ಬಸ್ಸಿಗೆ ಯಾದಗಿರಿಗೆ ಒಯ್ದು ಎಕ್ಸ್‌ರೇ ತೆಗಸ್ತೀನಿ."

ನಾನು ಹಗ್ಗದ ಸುರುಳಿ ಬಿಚ್ಚಿ ಮತ್ತೆ ಸುತ್ತಿದೆ. ಮಾಲು ಚೆನ್ನಾಗಿಲ್ಲವೆಂದು ಗಿರಾಕಿಗೆ ಹೇಳುವುದು ನನಗೆ ರೂಢಿಯಿಲ್ಲ. ಇದು ಬೇರೆಯವರ ಮಾಲು ಬೇರೆ. "ತೋರಿಸ್ರಿ, ಛಲೋನ ಆಗ್ತದ," ಎಂದು ಕಳಿಸಿಬಿಟ್ಟೆ.

ಆದರೆ ಶಟರ್ ಎಳೆದವನು ಮನೆಗೆ ಹೋಗದೆ ಬುದ್ಧಪ್ರಿಯರ ಮನೆಗೆ ಹೋದೆ. ವಿಷಯ ಹೇಳಿ, "ನಿಮ್ಮ ಅತ್ತಿಯವರ ಭುಜ ಹ್ಯಾಂಗದ್ರಿ ಸರ್?" ಎಂದೆ. ಅವರು ತಲೆ ಎತ್ತಲಿಲ್ಲ. "ಚೊಲೋ ಕೈಗೆ ಎಕ್ಸ್‌ರೇ ತೆಗಸಾಕ ಹೊಂಟಾರಲ್ರಿ," ಎಂದರು. ಅವರಿಗೆ ಅನ್ನ ಬಡಿಸಲು ಬಂದ ಹೆಂಡತಿ ತಟ್ಟೆ ಹಿಡಿದುಕೊಂಡೇ ನಿಂತಿದ್ದರು.

ಮರುದಿನ ನಾನೂ ಬಸ್‌ಸ್ಟ್ಯಾಂಡಿಗೆ ಹೋದೆ, ಧೈರ್ಯ ಕೊಡಲೋ ನೋಡಲೋ ಈಗ ಹೇಳುವುದು ಕಷ್ಟ. ಬುದ್ಧಪ್ರಿಯ ತಾಯಿ ಮಗಳ ಮುಂದೆ ನಿಂತು ಎರಡೂ ಕೈ ಎತ್ತಿದರು. ಎಡಗೈ ಅರ್ಧಕ್ಕೆ ನಿಂತಿತು. ಈ ಸಲ ಕಿವಿಯನ್ನು ಅದರ ಹತ್ತಿರ ಒಯ್ಯಲಿಲ್ಲ.

"ಐಬ್ ನಂದು, ಬೇಟಾ. ಬಿದ್ದಿದ್ದೆ. ಮುಚ್ಚಿಟ್ಟೆ. ನೀ ನನ್ನ ನೋಡಿ ಕಲಿತಿ. ನಿನ್ನ ಕೈ ಚೊಲೋ ಅದ."

ಮುಬೀನಾ ತನ್ನ ಬಲಗೈಯನ್ನೇ ನೋಡಿಕೊಂಡಳು. ಆಮೇಲೆ ಕೇಳಿದಳು: "ಮತ್ತ ಬಸ್ಸಿನ್ಯಾಗ ಪ್ರಾಕ್ಟೀಸ್ ಕಮ್ಮಿ ಅಂತ ಯಾಕಂದ್ರಿ?"

ಯೋಗದಲ್ಲಿ ಉಸಿರು ಹಿಡಿಯುವುದನ್ನು ಕಲಿಸುವ ಮನುಷ್ಯ ಉಸಿರು ಹಿಡಿದು ನಿಂತರು. "ಹೆದರಿದ್ದೆ," ಎಂದರು ಕೊನೆಗೆ.

ಯಾದಗಿರಿ ಬಸ್ಸು ಬಂತು. ಗೌಹರಬೇಗಂ ಮಗಳ ಕೈಗೆ ಮನೆಯ ಬೀಗದಕೈ ಕೊಟ್ಟು, "ನೀ ಸಾಲಿಗೆ ಹೋಗು, ಪಾಠ ತಪ್ಪಿಸಬ್ಯಾಡ," ಎಂದರು. ಆಮೇಲೆ ಸರ್ ಕಡೆ ತಿರುಗಿ, "ಹತ್ರಿ ಬಸ್. ನಾ ಇವತ್ತಿನ ಹೊಲಿಗಿ ಬಿಟ್ಟು ಎಕ್ಸ್‌ರೇಕ್ಕಂತ ಎದ್ದು ಬಂದೀನಿ. ಯಾರದರ ಒಬ್ಬರದು ತೆಗಸೇ ಬರ್ತೀನಿ."

ಸರ್ ನನ್ನ ಮುಖ ನೋಡಿದರು. "ಡಾಕ್ಟರಿಗೆ ನನ್ನ ನಮಸ್ಕಾರ ಹೇಳ್ರಿ," ಎಂದೆ.

ಭುಜದೊಳಗೆ ನರವೋ ನಾರೋ ಹರಿದಿದೆಯಂತೆ. ಮೂರು ತಿಂಗಳು ಕೈ ಎತ್ತಬಾರದು. ಈಗ ಅವರು ನನ್ನ ಅಂಗಡಿಯ ಸ್ಟೂಲನ್ನು ಮೈದಾನದಲ್ಲಿ ಹಾಕಿ ಕೂತು ಬಾಯಲ್ಲಿ ಕಲಿಸುತ್ತಾರೆ. ಮೊದಲ ದಿನವೇ ಮಕ್ಕಳಿಗೆ ಎಲ್ಲ ಹೇಳಿದರು. ಒಬ್ಬ ಪುಟ್ಟ, "ಹಂಗಾರ ನಮಗೂ ಮೂರು ತಿಂಗಳ ಸೂಟಿ ಏನ್ರಿ ಸರ್?" ಎಂದ. ಆಗಾಗ ಸರ್ ಎದ್ದು, ಒಂದೊಂದು ಮಗುವಿನ ಬಲಗೈಯನ್ನು ತಮ್ಮ ಬಲಗೈಯಿಂದ ಹಿಡಿದು ನೆಟ್ಟಗೆ ಮಾಡುತ್ತ ಸಾಲಿನ ನಡುವೆ ಓಡಾಡುತ್ತಾರೆ. ಹಿಡಿತ ಬಿಟ್ಟ ಕೂಡಲೇ ಅರ್ಧದಷ್ಟು ಕೈಗಳು ಮತ್ತೆ ವಾಲುತ್ತವೆ.

ಮೂರು ವಾರದ ಮೇಲೆ ಮುಬೀನಾ ಬಂದಳು. ಮೊದಲ ಸಾಲಿಗಲ್ಲ, ಕಟ್ಟಕಡೆಯ ಸಾಲಿಗೆ. ಸರ್ ಮಾತು ಕೇಳುತ್ತಾಳೆ, ಮುಖ ನೋಡುವುದಿಲ್ಲ. ಕೈ ಎತ್ತುವ ಮುಂಚೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಕೈ ಎರಡೂ ನೆಟ್ಟಗೆ ಮೇಲೆ ಹೋಗುತ್ತವೆ, ಕಿವಿಗೆ ತಾಗಿ ನಿಲ್ಲುತ್ತವೆ.

ಶಾಬಾಸ್ ಎನ್ನಲು ಬುದ್ಧಪ್ರಿಯರ ಬಾಯಿ ತೆರೆಯುವುದನ್ನು ನಾನು ಅಂಗಡಿಯಿಂದ ನೋಡಿದ್ದೇನೆ. ಅನ್ನುವುದಿಲ್ಲ. ಮುಂದಿನ ಮಗುವಿನ ಕೈ ಹಿಡಿಯುತ್ತಾರೆ.