ಸವಕಳಿ ಲೆಕ್ಕ ಹಾಕಿದ ದಿನ

1973ನೇ ಇಸವಿ, ಬೇಸಿಗೆ ರಜೆ. ಆಗ ನಾನು ತೂಬಗೆರೆಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದೆ. ನಮ್ಮಕ್ಕ ಸರೋಜಳನ್ನು ದೊಡ್ಡಬಳ್ಳಾಪುರದ ನೇಯ್ಗೆಯವರ ಮನೆಗೆ ಕೊಟ್ಟಿದ್ದೆವು. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವಳ ಗಂಡ ಕಾಮಾಲೆಯಿಂದ ತೀರಿಕೊಂಡರು. ಅಕ್ಕನಿಗೆ ಪುಟ್ಟ ಮಗಳೊಬ್ಬಳಿದ್ದಳು.

ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳಿದ್ದವು. ಅಕ್ಕನ ಗಂಡನೂ ಅವರ ಅಣ್ಣ ರಾಮಣ್ಣನವರೂ ಎಂಟು ವರ್ಷದ ಹಿಂದೆ ಕೂಡಿ ಕೊಂಡದ್ದು. ಎರಡು ತಮ್ಮನ ಪಾಲು, ಎರಡು ಅಣ್ಣನ ಪಾಲು. ತಮ್ಮನ ಎರಡು ಮಗ್ಗಗಳನ್ನು ತಾವೇ ಇಟ್ಟುಕೊಂಡು ಬೆಲೆ ಕೊಟ್ಟುಬಿಡುತ್ತೇನೆಂದು ರಾಮಣ್ಣನವರು ಹೇಳಿಕಳಿಸಿದ್ದರು. ಆಮೇಲೆ ಅಕ್ಕ, ಮಗು ನಮ್ಮ ಮನೆಗೆ ಬರುವುದೆಂದು ಮಾತಾಗಿತ್ತು. ನಾನು ಹೋಗಿ ಇಳಿದ ಕೂಡಲೇ ಅಕ್ಕ ಅಡುಗೆಮನೆಯಲ್ಲಿ ಹೇಳಿದಳು:

“ಆ ಎರಡು ಮಗ್ಗ ಇದ್ರೆ ಯಾರ ಕೈನೂ ನೋಡ್ದೆ ಬದುಕ್ತೀನಿ ಕಣೋ ಸೀನ.”

ನನ್ನ ಸಂಬಳದಲ್ಲಿ ಇನ್ನಿಬ್ಬರನ್ನು ಸಾಕುವುದು ಹೇಗೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದವನು ನಾನು. ಆದರೂ ಗಂಡಿಲ್ಲದ ಮನೆಯಲ್ಲಿ ಹೆಂಗಸು ಮಗ್ಗ ನಡೆಸುವುದು ನಾನೂ ಎಲ್ಲೂ ಕಂಡಿರದ ಸಂಗತಿಯಾಗಿತ್ತು.

ಬೆಲೆ ಕಟ್ಟಲು ಶ್ರೀಪತಿರಾಯರು ಬಂದಿದ್ದರು. ಊರಿನ ಹಲವು ನೇಯ್ಗೆಯವರಿಗೆ ತೆರಿಗೆ ಲೆಕ್ಕ ಬರೆದುಕೊಡುತ್ತಿದ್ದವರು. ನಾವು ಮೂವರೂ ಹಜಾರದಲ್ಲಿ ಚಾಪೆಯ ಮೇಲೆ ಕುಳಿತೆವು. ಅಕ್ಕ ನಡುಮನೆಯ ಬಾಗಿಲ ಹಿಂದೆ ನಿಂತಳು. ಗಂಡನ ಅಣ್ಣನ ಎದುರಿಗೆ ಬರುವುದು, ನೇರ ಮಾತಾಡುವುದು ಆ ಮನೆಯಲ್ಲಿರಲಿಲ್ಲ. ಅವಳು ನನಗೆ ಹೇಳುವುದು, ನಾನು ಅವರಿಗೆ ಹೇಳುವುದು. ಅವಳ ಮಾತು ಎಲ್ಲರಿಗೂ ಕೇಳಿಸುತ್ತಿತ್ತು, ಆದರೂ ನಾನು ಮತ್ತೆ ಹೇಳಬೇಕಿತ್ತು.

“ಮೇಷ್ಟ್ರಿಗೆ ರಜೇಲೂ ಪಾಠ ಒಪ್ಪಿಸೋ ಕೆಲಸ” ಎಂದು ರಾಯರು ನಕ್ಕರು.

ಅವರು ಲೆಕ್ಕವನ್ನು ಬಾಯಿಬಿಟ್ಟು ಹೇಳುತ್ತಲೇ ಮಾಡಿದರು. ಒಂದು ಮಗ್ಗಕ್ಕೆ ಕೊಂಡಾಗ ಮೂರು ಸಾವಿರ. ನೂರಕ್ಕೆ ಹದಿನೈದರಂತೆ ಮೊದಲ ವರ್ಷದ ಸವಕಳಿ, ಅಂದರೆ ಬಳಸಿ ಸವೆದದ್ದರ ಬಾಬ್ತು, ನಾನೂರೈವತ್ತು ಕಳೆಯಬೇಕು. ಉಳಿದದ್ದರಲ್ಲಿ ಮತ್ತೆ ಹದಿನೈದರಂತೆ ಎರಡನೆಯ ವರ್ಷದ್ದು. ಹೀಗೆ ಎಂಟು ವರ್ಷ ಕಳೆದಾಗ ಎಂಟುನೂರ ಹದಿನೇಳು ರೂಪಾಯಿ ಉಳಿಯಿತು.

“ಬರೀರಿ ರಾಯರೇ, ಅಷ್ಟೇ ಕೊಡ್ತೀನಿ” ಎಂದರು ರಾಮಣ್ಣ. ಅದರಲ್ಲಿ ಮೋಸವಿತ್ತೆಂದು ನನಗೆ ಅವತ್ತೂ ಅನಿಸಲಿಲ್ಲ, ಇವತ್ತೂ ಅನಿಸುವುದಿಲ್ಲ. ವರ್ಷವರ್ಷವೂ ತೆರಿಗೆಯವರಿಗೆ ಅದೇ ಲೆಕ್ಕ ಕೊಡುತ್ತಿದ್ದವರು. ಮಗ್ಗದ ಬೆಲೆ ಎಂದರೆ ಅದೇ ಎಂದು ನಂಬಿದ್ದರು.

ಬಾಗಿಲ ಹಿಂದಿನಿಂದ ಅಕ್ಕನ ದನಿ ಬಂತು.

“ಸೀನ, ಆ ಬೆಲೆ ನನಗೆ ಒಪ್ಪಿಗೆ ಅಂತ ಹೇಳು. ಅದೇ ಬೆಲೆಗೆ ಅವರ ಎರಡು ಮಗ್ಗ ನಾನೇ ತಗೋತೀನಿ. ನನ್ನ ಚಿನ್ನದ ಬಳೆ ಮಾರಿ ಇವತ್ತೇ ದುಡ್ಡು ಕೊಡ್ತೀನಿ ಅನ್ನು.”

ಆ ಮಾತನ್ನು ಮತ್ತೆ ಹೇಳಲು ನನ್ನಿಂದ ಆಗಲಿಲ್ಲ. ರಾಮಣ್ಣನವರು ಬಾಗಿಲನ್ನೇ ನೋಡುತ್ತಿದ್ದರು. ರಾಯರು ಪೆನ್ನಿನ ಮುಚ್ಚಳ ಹಾಕಿ ಮೆಲ್ಲಗೆ ಹೇಳಿದರು:

“ರಾಮಣ್ಣ, ತಪ್ಪು ನಂದೂ ಇದೆ. ನಾನು ಹಾಕಿದ್ದು ತೆರಿಗೆಗೆ ಹಾಕೋ ಸವಕಳಿ. ಇಂಥದೇ ಹಳೇ ಮಗ್ಗ ಪೇಟೆಯಲ್ಲಿ ಎರಡು ಸಾವಿರಕ್ಕೆ ಕಮ್ಮಿ ಸಿಗುತ್ತಾ? ನಿಮ್ಮದನ್ನ ಎಂಟುನೂರಕ್ಕೆ ಬಿಟ್ಟುಕೊಡ್ತೀರಾ?”

ರಾಮಣ್ಣನವರು ಎದ್ದು ಶೆಡ್ಡಿಗೆ ಹೋದರು. ಸ್ವಲ್ಪ ಹೊತ್ತಿಗೆ, ಬೆಳಗಿನಿಂದ ಆಳುಗಳು ಓಡಿಸುತ್ತಿದ್ದ ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು. ಸಾವಿನ ಮನೆಯ ಹನ್ನೊಂದು ದಿನ ಬಿಟ್ಟರೆ ಆ ಮನೆಯನ್ನು ಅಷ್ಟು ನಿಶ್ಶಬ್ದವಾಗಿ ನಾನು ಕಂಡಿರಲಿಲ್ಲ. ಅವರಿಗೆ ಕೋಪ ಬಂತೆಂದೇ ನಾನು ತಿಳಿದೆ. ಮಾತು ಕೆಟ್ಟರೆ ಅಕ್ಕನಿಗೆ ಮಗ್ಗವೂ ಇಲ್ಲ, ಮನೆಯೂ ಇಲ್ಲ ಎಂದು ಹೆದರಿ ಹಿಂದೆಯೇ ಹೋದೆ.

ಅವರು ತಮ್ಮನ ಮಗ್ಗದ ಮುಂದೆ ನಿಂತಿದ್ದರು. ಲಾಳಿ ಓಡುವ ಹಲಗೆ ತಮ್ಮನ ಕೈ ತಾಗಿ ತಾಗಿ ಒಂದು ಕಡೆ ನುಣುಪಾಗಿತ್ತು. ಅದರ ಮೇಲೆ ಬೆರಳಿಟ್ಟುಕೊಂಡಿದ್ದರು.

“ಅವಳ ಜಾಗದಲ್ಲಿ ನಾನಿದ್ದಿದ್ರೆ ಈ ಮಗ್ಗ ಯಾವ ಬೆಲೆಗೂ ಕೊಡ್ತಿರಲಿಲ್ಲಪ್ಪ,” ಎಂದರು. “ಅವಳ ಹತ್ರ ಕೇಳಿಬಿಟ್ಟೆನಲ್ಲ.”

ಹಜಾರಕ್ಕೆ ಬಂದು ರಾಯರಿಗೆ, “ಆ ಲೆಕ್ಕ ತೆರಿಗೆಯವರಿಗೆ ಇಟ್ಕೊಳ್ಳಿ. ತಮ್ಮನ ಮಗ್ಗ ಅವನ ಹೆಂಡತಿಗೇ ಇರ್ಲಿ. ಶೆಡ್ಡಿನ ಅರ್ಧವೂ ಅವಳದೇ” ಎಂದರು. ಎಲ್ಲರ ಮುಂದೆ ತಮ್ಮ ಮಾತನ್ನು ತಾವೇ ಹಿಂದಕ್ಕೆ ತೆಗೆದುಕೊಂಡ ಹಿರಿಯರನ್ನು ನಾನು ಅದೇ ಮೊದಲು ಕಂಡದ್ದು.

ಆಗ ಅಕ್ಕ ಬಾಗಿಲು ದಾಟಿ ಹೊರಗೆ ಬಂದಳು. ಸೆರಗು ಹೊದ್ದಿದ್ದಳು.

“ಭಾವ, ಲಾಳಿಗೆ ನೂಲು ಸುತ್ತೋದಷ್ಟೇ ನನಗೆ ಬರೋದು. ಮಗ್ಗ ನಡೆಸೋದು ನೀವೇ ಹೇಳ್ಕೊಡ್ಬೇಕು.”

ರಾಮಣ್ಣನವರು “ಬಾಮ್ಮ, ಸ್ವಿಚ್ಚು ನೀನೇ ಹಾಕು” ಎಂದು ಮುಂದೆ ನಡೆದರು.

ಆ ಮಗ್ಗಗಳ ದುಡಿಮೆಯಲ್ಲೇ ಅಕ್ಕ ಮಗಳನ್ನು ಓದಿಸಿದಳು, ಮದುವೆ ಮಾಡಿದಳು. ಅವಳು, ರಾಮಣ್ಣನವರು, ಇಬ್ಬರಲ್ಲಿ ಯಾರ ಧೈರ್ಯ ದೊಡ್ಡದು ಎಂದು ಈಗಲೂ ಯೋಚಿಸುತ್ತೇನೆ, ತೀರ್ಮಾನಕ್ಕೆ ಬಂದಿಲ್ಲ. ಅಕ್ಕನ ಪರವಾಗಿ ಮಾತಾಡಲೆಂದು ಹೋದವನು ನಾನು. ಅವತ್ತು ಆಡಲೇಬೇಕಿದ್ದ ಎರಡು ಮಾತನ್ನೂ ಅವಳೇ ಆಡಿದಳು. ಅದನ್ನು ನೆನೆದಾಗಲೆಲ್ಲ, ಮಗ್ಗಗಳು ನಿಂತ ಆ ಹೊತ್ತಿನ ಮೌನ ನನಗೆ ಮತ್ತೆ ಕೇಳಿಸುತ್ತದೆ.