ಪೊಟರೆಗೆ ತುಂಬಿದ ಸಿಮೆಂಟು

ಊರಿಗೆಲ್ಲ ಹಳೆಯದಾದ ಹಿಪ್ಪುನೇರಳೆ ಮರ ಇದ್ದದ್ದು ಮೇಸ್ತ್ರಿಯ ಹಿತ್ತಲಿನಲ್ಲಿ. ಇನ್ನೂರೈವತ್ತು ವರ್ಷದ್ದೆಂದು ಬೀದಿಯ ತುದಿಯಲ್ಲಿ ಫಲಕ ಬೇರೆ. ನೋಡಬಂದವರು ಮುಂಬಾಗಿಲಿಂದ ನುಗ್ಗಿ ಅಡುಗೆಮನೆ ದಾಟಿಯೇ ಹಿತ್ತಲಿಗೆ ಹೋಗಬೇಕು. ಮರವನ್ನು ತಬ್ಬಿ ಫೋಟೋ ತೆಗೆಸಿಕೊಂಡು, ನೀವು ಪುಣ್ಯವಂತರಮ್ಮ ಎಂದು ಹೊಗಳಿ, ಹಣ್ಣು ತುಳಿದ ಕಾಲಲ್ಲೇ ವಾಪಸು ಬರುತ್ತಿದ್ದರು. ಆ ನೇರಳೆ ಬಣ್ಣದ ಹೆಜ್ಜೆಗಳನ್ನು ಉಜ್ಜುವ ಪುಣ್ಯ ಮಾತ್ರ ಮೇಸ್ತ್ರಿಯ ಹೆಂಡತಿಯದು.

ಆಕೆ ಇಪ್ಪತ್ತಾರು ವರ್ಷದಿಂದ ಹೋಟೆಲೊಂದರ ಲಾಂಡ್ರಿಯಲ್ಲಿ ದುಡಿಯುತ್ತಾಳೆ. ಅಲ್ಲಿ ಕಂಡವರ ಹಾಸಿಗೆಯ ಕಲೆ, ಮನೆಗೆ ಬಂದರೆ ಮರದ ಕಲೆ. ಹಾಳಾದ್ದು ಬಿದ್ದುಹೋಗಲಿ ಎಂದು ಆಕೆ ಗಂಟಲು ಹರಿದುಕೊಳ್ಳದ ದಿನವಿಲ್ಲ. ಬೈಗುಳಕ್ಕೆ ಮರ ಬೀಳುವಂತಿದ್ದರೆ ಊರಲ್ಲಿ ಒಂದೂ ಉಳಿಯುತ್ತಿರಲಿಲ್ಲ ಬಿಡಿ.

ಮೇಸ್ತ್ರಿಗೋ ಅದೇ ಪ್ರಾಣ. ಮದುವೆಯಾದ ಹೊಸದರಲ್ಲಿ ಅದರ ಬುಡದ ದೊಡ್ಡ ಪೊಟರೆಗೆ ಇಟ್ಟಿಗೆ ಚೂರು, ಸಿಮೆಂಟು ಗಿಡಿದು ಮುಚ್ಚಿದ್ದ. ಬಿರುಕು ಬಿಟ್ಟಾಗಲೆಲ್ಲ ಮತ್ತೆ ಮೆತ್ತುತ್ತಿದ್ದ. ಅವನು ಕಟ್ಟಿದ ಗೋಡೆಗಳೆಲ್ಲ ಪರರ ಪಾಲು. ನನ್ನ ಕೈಕೆಲಸ ಎಂದು ಬಂದವರಿಗೆ ತೋರಿಸಲು ಇದ್ದದ್ದು ಇದೊಂದೇ. ಎರಡು ವರ್ಷದ ಹಿಂದೆ ಗೋಡೆ ಕಟ್ಟುವಾಗ ಸಾರುವೆಯ ಹಲಗೆಯಿಂದ ಬಿದ್ದು ಸೊಂಟ ಮುರಿದ ಮೇಲೆ ಹಿತ್ತಲ ಕಿಟಕಿಯ ಪಕ್ಕ ಮಂಚ ಹಿಡಿದಿದ್ದ.

ಮೊನ್ನೆ ಗಾಳಿಗೆ ಒಂದು ಕೊಂಬೆ ಪಕ್ಕದ ಮನೆಯ ತಾರಸಿಯ ಮೇಲೆ ಬಿತ್ತು. ಪುರಸಭೆಯವರು ಮರ ಪರೀಕ್ಷಿಸುವವನನ್ನು ಕಳಿಸಿದರು. ಅವನು ಮರದ ಕೊಡತಿಯಿಂದ ಬುಡದ ಸುತ್ತ ತಟ್ಟಿದ. ಸಿಮೆಂಟಿನ ಅಂಚನ್ನು ಉಳಿಯಿಂದ ಎಬ್ಬಿಸಿದಾಗ ಹಿಂದಿನಿಂದ ಕಪ್ಪು ನೀರು ಸೋರಿತು. ಒಳಗೆ ಇಳಿದ ನೀರಿಗೆ ಹೊರದಾರಿಯಿಲ್ಲದೆ ಮರ ಕೊಳೆತಿದೆ, ಪೊಟರೆಯನ್ನು ಅದರ ಪಾಡಿಗೆ ಬಿಟ್ಟಿದ್ದರೆ ಇನ್ನೂ ಬಾಳುತ್ತಿತ್ತು, ಸೋಮವಾರ ಕಡಿಯಲೇಬೇಕು ಎಂದ.

ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು. ಆದರೆ ಆಕೆಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಮಂಚದಲ್ಲಿರುವವನಿಗೆ ಏನೆಂದು ಹೇಳುವುದು? ಒಳಗೆ ಬಂದು, ದಿಂಬು ಸರಿಮಾಡುತ್ತ ಸುಳ್ಳು ಹೇಳಿದಳು.

“ವಯಸ್ಸಾಯ್ತಂತೆ ರೀ ಮರಕ್ಕೆ. ನಿಮ್ಮ ಸಿಮೆಂಟಿಂದ್ಲೇ ಇಷ್ಟು ದಿನ ನಿಂತಿತ್ತಂತೆ.”

“ಗೋಡೆ ಗಿಲಾವು ಒಳಗೆ ಟೊಳ್ಳು ಬಿದ್ದಿದ್ಯಾ ಅಂತ ಜೀವಮಾನವೆಲ್ಲ ತಟ್ಟಿ ನೋಡಿದೋನು ಕಣೇ ನಾನು,” ಎಂದ ಮೇಸ್ತ್ರಿ. “ಅವನು ಮೊದಲನೇ ಏಟು ಹಾಕಿದಾಗ್ಲೇ ಸದ್ದಲ್ಲಿ ಗೊತ್ತಾಯ್ತು, ನನ್ನ ಸಿಮೆಂಟಿನ ಹಿಂದೆ ಕೊಳೆತಿದೆ ಅಂತ.”

ಆಮೇಲೆ ಎರಡು ದಿನ ಅವನು ಸರಿಯಾಗಿ ಊಟ ಮಾಡಲಿಲ್ಲ. ಆಕೆಗೆ ಪಾಪವೆನಿಸಿತು, ರೇಗಿಯೂ ಹೋಯಿತು. ಎರಡಕ್ಕೂ ಮೈಯಲ್ಲಿ ತ್ರಾಣವಿರಲಿಲ್ಲ.

ಭಾನುವಾರ ಪಕ್ಕದ ಮನೆಯವನು ಬಂದು ಮಂಚದ ಬುಡದಲ್ಲೇ ನಿಂತ. ಪುರಸಭೆಯವರಿಂದ ಎಲ್ಲ ಕೇಳಿಕೊಂಡು ಬಂದಿದ್ದ. ಇಂಥ ಮರಕ್ಕೆ ಸಿಮೆಂಟು ತುಂಬುವ ಬುದ್ಧಿ ಯಾರು ಕೊಟ್ಟರು ಮೇಸ್ತ್ರಿ ಎಂದು ಕೇಳಿದ. ಮೇಸ್ತ್ರಿಯ ಮುಖ ಸಣ್ಣದಾಯಿತು.

“ನಾನೇ ಕೊಟ್ಟಿದ್ದು,” ಎಂದಳು ಆಕೆ. “ಬೇಡ ಬೇಡ ಅಂತ ಇವ್ರು ಬಡ್ಕೊಂಡ್ರು. ಹಾವು ಸೇರ್ಕೊಳುತ್ತೆ ಅಂತ ಹಠ ಹಿಡಿದು ತುಂಬಿಸಿದೋಳು ನಾನು.”

ಅವನು ತಕ್ಷಣ ನಂಬಿದ. ಆಕೆ ಮರಕ್ಕೆ ಹಾಕಿದ ಶಾಪಗಳನ್ನು ಗೋಡೆಯಾಚೆಯಿಂದ ಎಷ್ಟು ವರ್ಷ ಕೇಳಿರಲಿಲ್ಲ! ಇಂಥ ಮರ ನಿಮ್ಮಂಥವರ ಕೈಗೆ ಸಿಕ್ಕಿತಲ್ಲ ಎಂದು ಆಕೆಯ ಮುಖಕ್ಕೇ ಹೇಳಿದ. ಅಲ್ಲ ಎನ್ನುತ್ತಾನೇನೋ ಎಂದು ಆಕೆ ಗಂಡನತ್ತ ನೋಡಿದಳು. ಮೇಸ್ತ್ರಿ ಬಾಯಿ ಬಿಡಲಿಲ್ಲ. ಆ ಮಧ್ಯಾಹ್ನ ಮಾತ್ರ ತಟ್ಟೆಯಲ್ಲಿ ಒಂದಗುಳೂ ಬಿಡದೆ ಉಂಡ.